ಲಕ್ಕಮ್ಮ ವಾಪಸ್ ಕಳಿಸಿದ ಅಕ್ಕಿ

"ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ" ಅಂತ ಧಾರಾಳವಾಗಿ ಹೇಳುವವರನ್ನು ಸ್ವಲ್ಪ ಗಮನಿಸಿ. ಹೆಚ್ಚಿನವರಿಗೆ ಎರಡು ಸೈಟು, ಒಂದು ಪಿಂಚಣಿ ಇದ್ದೇ ಇರುತ್ತೆ. ಎಲ್ಲ ಭದ್ರ ಮಾಡಿಕೊಂಡ ಮೇಲೆ ದೇವರನ್ನು ನಂಬೋದು ಸುಲಭ ಬಿಡಿ. ಇನ್ನೊಂದು ಥರದವರೂ ಇದ್ದಾರೆ. ಕೈಕಟ್ಟಿ ಕೂತು "ದೇವರು ನೋಡ್ಕೋತಾನೆ" ಅನ್ನುವವರು. ಅವರ ಮನೆ ನಡೆಸುತ್ತಿರೋದು ಹೆಂಡತಿ.

ಇಂಥವರನ್ನು ಕಂಡಾಗೆಲ್ಲ ನನಗೆ ನೆನಪಾಗೋದು 12ನೇ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು, ಅದರಲ್ಲೇ ಜಂಗಮರಿಗೂ ಉಣ್ಣಿಸಿ ತಾವೂ ಉಣ್ಣೋದು, ಇಷ್ಟೇ ಅವರ ಬದುಕು. ಒಂದು ದಿನ ಮಾರಯ್ಯ ಜಾಸ್ತಿ ಅಕ್ಕಿ ತಂದ. (ಪರೀಕ್ಷೆ ಮಾಡೋಕೆ ಬಸವಣ್ಣನೇ ಬೇಕಂತ ಚೆಲ್ಲಿಸಿದ್ದ ಅಂತ ಕಥೆ.) ಲಕ್ಕಮ್ಮ ನೋಡಿದ್ದೇ ತಡ, ಇಷ್ಟೊಂದು ಯಾಕೆ, ಇದು ಆಸೆ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಅಂದಳು.

ಯೋಚನೆ ಮಾಡಿ. ಕದ್ದ ಅಕ್ಕಿ ಅಲ್ಲ, ನೆಲಕ್ಕೆ ಬಿದ್ದದ್ದು. ನಾಳೆ ಗಂಡನಿಗೆ ಜ್ವರ ಬರಬಹುದು, ಮಳೆ ಹಿಡಿದು ಅಂಗಳವೇ ಕೆಸರಾಗಬಹುದು. ನಾವಾಗಿದ್ದರೆ ಸುಮ್ನೆ ಡಬ್ಬಕ್ಕೆ ಸುರಿದು ಮುಚ್ಚಳ ಹಾಕಿಬಿಡುತ್ತಿದ್ದೆವು, ಅಲ್ವಾ? ಹಾಗಂತ ಅವಳು ದುಡಿಮೆ ಬೇಡ ಅಂದವಳಲ್ಲ. ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತು ಕೂತಾಗ ಕಾಯಕ ನಿಂತಿದೆ, ಏಳಿ ಅಂತ ಎಬ್ಬಿಸಿ ಕಳಿಸಿದವಳೂ ಅವಳೇ. ಸನ್ಯಾಸಿ ನಾಳೆಗೆ ಇಟ್ಟುಕೊಳ್ಳದೆ ಇರಬಹುದು, ಅವನಿಗೇನು, ಇನ್ನೊಂದು ಮನೆ ಬಾಗಿಲಿದೆ. ದಿನಾ ಒಲೆ ಹಚ್ಚಬೇಕಾದ, ಬಂದವರಿಗೆಲ್ಲ ಬಡಿಸಬೇಕಾದ ಹೆಂಗಸು "ಇವತ್ತಿನದು ಸಾಕು" ಅನ್ನೋದಕ್ಕೆ ಎಷ್ಟು ಗಟ್ಟಿ ನಂಬಿಕೆ ಬೇಕು!

ಸಿದ್ಧಗಂಗೆಯನ್ನೂ ನೋಡಿ. ಶಿವಕುಮಾರ ಸ್ವಾಮೀಜಿ 1941ರಲ್ಲಿ ಮಠದ ಹೊಣೆ ಹೊತ್ತಾಗ ಅಲ್ಲಿ ಸಿರಿ ಇರಲಿಲ್ಲ. ಜೋಳಿಗೆ ಹಿಡಿದು ಊರೂರು ತಿರುಗಿದರು, ಬಂದ ಮಕ್ಕಳನ್ನು ಜಾತಿ ಕೇಳದೆ ಸೇರಿಸಿಕೊಂಡರು. 2019ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ ದಿನಾ ಸಾವಿರಾರು ಮಕ್ಕಳು ಉಣ್ಣುತ್ತಿದ್ದರು. ಜನ ಇದನ್ನು ಪವಾಡ ಅಂತಾರೆ. ನನಗೆ ಕಾಣೋದು ಮಠಕ್ಕೆ ರೈತರು ಇಳಿಸಿದ ರಾಗಿ ಮೂಟೆಗಳು. ದೇವರು ಕೊಟ್ಟ ಅನ್ನೋದಾದರೆ ಆ ರೈತರ ಕೈಯಿಂದಲೇ ಕೊಟ್ಟದ್ದು.

ನಮ್ಮ ಅಮ್ಮ ಅನ್ನಕ್ಕೆ ಅಕ್ಕಿ ಅಳೆಯುವಾಗ ಮೊದಲು ಒಂದು ಹಿಡಿ ತೆಗೆದು ಮಠದ ಡಬ್ಬಕ್ಕೆ ಹಾಕುತ್ತಿದ್ದಳು. ನಮ್ಮ ಡಬ್ಬದ ತಳ ಕಂಡ ದಿನವೂ ಅದು ತಪ್ಪುತ್ತಿರಲಿಲ್ಲ. ಅದರಿಂದಲೇ ಒಂದು ಪಾವು ಕಡ ತಗೊಳ್ಳೋಣ ಅಂದರೆ ಬೈಯುತ್ತಿದ್ದಳು.

ಇದನ್ನೆಲ್ಲ ಹೇಳಿದರೆ ಚಿಕ್ಕಪ್ಪ, "ಹಾಗಾದ್ರೆ ನಿನ್ನ ಎಫ್‌ಡಿ ಮುರಿಸಿ ಹಂಚಿಬಿಡು ನೋಡೋಣ" ಅಂತಾರೆ. ಮುರಿಸೋದಿಲ್ಲ ಚಿಕ್ಕಪ್ಪ, ಮಗಳ ಓದಿಗೆ ಬೇಕು. ಆದರೆ ಬ್ಯಾಂಕಿನ ಪಾಸ್‌ಬುಕ್ ನೋಡಿ ಬಂದ ಧೈರ್ಯವನ್ನು ದೇವರ ಮೇಲಿನ ನಂಬಿಕೆ ಅಂತ ನಾನಂತೂ ಹೇಳಿಕೊಂಡು ತಿರುಗೋದಿಲ್ಲ.