ಜಿಎಸ್‌ಟಿ ನಂಬರ್ ಇದ್ದರೆ ಸಾಕಾ? ಸಾಲದು

"ಆನ್‌ಲೈನ್‌ನಲ್ಲಿ ಮಾರುವವರ ಪೇಜಿನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಸರ್ಕಾರವೇ ಅವರನ್ನು ಪರೀಕ್ಷೆ ಮಾಡಿದೆ ಅಂತ ಅರ್ಥ, ಕಣ್ಣು ಮುಚ್ಚಿ ದುಡ್ಡು ಹಾಕಿ" ಅನ್ನುವ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಆ ನೋಂದಣಿ ಇರುವುದು ತೆರಿಗೆಗೆ. ಸೀರೆ ಅಸಲಿ ರೇಷ್ಮೆಯೋ, ದುಡ್ಡು ಹಾಕಿದ ಮೇಲೆ ಪಾರ್ಸಲ್ ಬರುತ್ತದೋ ಅಂತ ಅಲ್ಲಿ ಯಾರೂ ನೋಡುವುದಿಲ್ಲ. ಅದೂ ಅಲ್ಲದೆ ನಂಬರ್ ಏನು ಗುಟ್ಟಿನದ್ದಲ್ಲ, ಹೋಟೆಲ್ ಬಿಲ್ಲಿನ ಮೇಲೂ ಇರುತ್ತದೆ, ಯಾರದ್ದನ್ನೋ ಎತ್ತಿಕೊಂಡು ಪೇಜಿಗೆ ಅಂಟಿಸಲು ಎಷ್ಟು ಹೊತ್ತು ಬೇಕು?

ಹಾಗಂತ ಅದು ಸುಮ್ನೆ ಅಲ್ಲ. ಒಟ್ಟು 15 ಅಕ್ಷರ, ಅಂಕಿ. ಮೊದಲ 2 ಅಂಕಿ ರಾಜ್ಯದ್ದು, ಆಮೇಲಿನ 10 ಪ್ಯಾನ್. ಕರ್ನಾಟಕಕ್ಕೆ 29, ಗುಜರಾತಿಗೆ 24. "ಇಳಕಲ್ ನೇಕಾರರಿಂದ ನೇರವಾಗಿ" ಅಂತ ಬರೆದುಕೊಂಡವರ ನಂಬರ್ 24ರಿಂದ ಶುರುವಾದರೆ ಒಂದು ಪ್ರಶ್ನೆ ಕೇಳಬೇಕು ಅಲ್ವಾ? ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ನಂಬರ್ ಹಾಕಿ ನೋಡಬಹುದು, ಹೆಸರು, ನೋಂದಣಿಯಾದ ದಿನ, ಈಗಲೂ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಬರುತ್ತದೆ. ಯುಪಿಐನಲ್ಲಿ ಕಾಣುವ ಹೆಸರಿಗೂ ಇದಕ್ಕೂ ಸಂಬಂಧವೇ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

ನಂಬರ್ ಇಲ್ಲದವರೆಲ್ಲ ಕಳ್ಳರೂ ಅಲ್ಲ. ಮನೆಯಲ್ಲೇ ಚಟ್ನಿಪುಡಿ ಮಾಡಿ ರಾಜ್ಯದೊಳಗೆ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಅಂಥವರ ಹತ್ತಿರ ಮೊದಲು ಕಾಲು ಕೆಜಿ ತರಿಸಿ ನೋಡಿ.

ಈಗಾಗಲೇ ದುಡ್ಡು ಹಾಕಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.