ಹಳದಿ ಬಸ್ಸು ನಿಂತರೆ ಮಿನಿಸ್ಟರೂ ನಿಲ್ಲಬೇಕು

ದಾವಣಗೆರೆಯಿಂದ ಬಂದಿದ್ದ ಮಾವನವರನ್ನು ಕೂರಿಸಿಕೊಂಡು ಕಾರಿನಲ್ಲಿ ಹೊರಟಿದ್ದೆ. ಇಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನಲ್ಲಿ ಶಾಲೆ ಬಿಡುವ ಹೊತ್ತು. ಇದ್ದಕ್ಕಿದ್ದಂತೆ ಎರಡೂ ಕಡೆಯ ಗಾಡಿಗಳು ನಿಂತವು. ಹಾರ್ನ್ ಇಲ್ಲ, ಗಲಾಟೆ ಇಲ್ಲ. "ಯಾರಾದ್ರೂ ಮಿನಿಸ್ಟರ್ ಬರ್ತಿದಾರೇನ್ರೀ?" ಅಂದರು ಮಾವ.

ಬಂದದ್ದು ಬೆನ್ನಿಗಿಂತ ದೊಡ್ಡ ಬ್ಯಾಗು ಹೊತ್ತ ಒಂದು ಹುಡುಗಿ. ಹಳದಿ ಬಸ್ಸಿನಿಂದ ಇಳಿದು ನಿಧಾನಕ್ಕೆ ರಸ್ತೆ ದಾಟಿದಳು. ಬಸ್ಸಿನ ಕೆಂಪು ದೀಪ ಆರಿ, ಪಕ್ಕದ 'ಸ್ಟಾಪ್' ಹಲಗೆ ಮಡಚಿಕೊಳ್ಳುವವರೆಗೂ ಯಾರೂ ಅಲ್ಲಾಡಲಿಲ್ಲ.

"ಎಂಥಾ ಸಂಸ್ಕಾರ" ಅಂದರು ಮಾವ. ಸಂಸ್ಕಾರವೂ ಇಲ್ಲ, ಏನೂ ಇಲ್ಲ. ಜೇಬಿನ ಭಯ. ನ್ಯೂಯಾರ್ಕ್ ರಾಜ್ಯದಲ್ಲಿ ಶಾಲೆ ಬಸ್ಸು ಕೆಂಪು ದೀಪ ಹಾಕಿ ನಿಂತರೆ, ನಡುವೆ ಡಿವೈಡರ್ ಇದ್ದರೂ ಎದುರಿಂದ ಬರುವವರು ನಿಲ್ಲಲೇಬೇಕು. ಬಸ್ಸಿಗೇ ಕ್ಯಾಮೆರಾ ಹಾಕಲು 2019ರಲ್ಲಿ ಕಾನೂನು ಬಂತು. ಅದರಲ್ಲಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 250 ಡಾಲರ್ ದಂಡದ ನೋಟೀಸು ಮನೆಗೆ ಬರುತ್ತದೆ. ಪೊಲೀಸರೇ ಹಿಡಿದರೆ ಲೈಸೆನ್ಸಿಗೆ ತಪ್ಪಿನ ಪಾಯಿಂಟು ಬೀಳುತ್ತದೆ, 30 ದಿನದವರೆಗೆ ಜೈಲೂ ಆಗಬಹುದು. ಕ್ಯಾಮೆರಾ ಮುಂದೆ "ನಮ್ಮ ಎಂಎಲ್‌ಎಗೆ ಫೋನ್ ಮಾಡ್ತೀನಿ" ಅನ್ನಲು ಆಗಲ್ಲ, ಅಲ್ವಾ?

ಬೆಂಗಳೂರಿನಲ್ಲಿ ಫುಟ್‌ಪಾತ್ ಮೇಲೆ ಬೈಕ್ ಹತ್ತಿಸುತ್ತಿದ್ದ ಗೆಳೆಯನೊಬ್ಬ ಇಲ್ಲಿ ಹಳದಿ ಬಣ್ಣ ಕಂಡರೆ ಸಾಕು, ಬ್ರೇಕ್ ಒತ್ತುತ್ತಾನೆ. ಮನುಷ್ಯ ಅವನೇ. ಅದಕ್ಕೇ 'ನಮ್ಮ ಜನಕ್ಕೆ ಬುದ್ಧಿ ಬರಲ್ಲ' ಅನ್ನುವ ಮಾತು ಕೇಳಿದರೆ ನನಗೆ ರೇಗುತ್ತದೆ. ಊರಲ್ಲಿ ಶಾಲೆ ವಾಹನಕ್ಕೆ ಹಳದಿ ಬಳಿಯುತ್ತೇವೆ. ಅದು ನಿಂತರೆ ಹಿಂದಿನವನು ಹಾರ್ನ್ ಹೊಡೆದು, ಮಕ್ಕಳು ಇಳಿಯುವ ಎಡಗಡೆಯಿಂದಲೇ ನುಗ್ಗುತ್ತಾನೆ. ಹೆಲ್ಮೆಟ್ ಹಾಕದವನನ್ನು ಹಿಡಿಯುವ ಕ್ಯಾಮೆರಾಗೆ ಇವನು ಯಾಕೆ ಕಾಣಲ್ಲ?

ಇಲ್ಲೂ ಎಲ್ಲ ಸರಿಯಿದೆ ಅಂತಲ್ಲ. ಅಮೆರಿಕದಲ್ಲಿ ನಿಂತ ಶಾಲೆ ಬಸ್ಸನ್ನು ದಾಟಿ ಹೋಗುವುದು ವರ್ಷಕ್ಕೆ ಸುಮಾರು 4 ಕೋಟಿ ಸಲ ನಡೆಯುತ್ತದೆ ಅಂತ ಅಂದಾಜಿದೆ. ಬಸ್ ಡ್ರೈವರುಗಳೇ ಒಂದು ದಿನ ಎಣಿಸಿ ಕೊಟ್ಟ ಲೆಕ್ಕದಿಂದ ಬಂದದ್ದು ಅದು. 2018ರಲ್ಲಿ ಇಂಡಿಯಾನಾದ ರೋಚೆಸ್ಟರ್ ಬಳಿ, ಬಸ್ ಹತ್ತಲು ರಸ್ತೆ ದಾಟುತ್ತಿದ್ದ ಒಂದೇ ಮನೆಯ ಮೂರು ಮಕ್ಕಳು ಸತ್ತರು. ದಂಡದ ದುಡ್ಡಿನಲ್ಲಿ ಕ್ಯಾಮೆರಾ ಕಂಪನಿಗೂ ಪಾಲಿದೆ, ಆ ಕಿರಿಕಿರಿ ಬೇರೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಇಲ್ಲಿಯ ಡ್ರೈವರ್ ಸೀಟು ಬಿಟ್ಟು ಏಳುವುದಿಲ್ಲ. ನಮ್ಮೂರಿನ ವ್ಯಾನ್ ಅಂಕಲ್ ಮಗುವಿನ ಕೈ ಹಿಡಿದು ಗೇಟಿನವರೆಗೆ ಬಿಡುತ್ತಾರೆ. "ಇವತ್ತು ಡಬ್ಬಿ ಖಾಲಿ ಮಾಡಿಲ್ಲ" ಅಂತ ಅಜ್ಜಿಗೆ ಚಾಡಿಯನ್ನೂ ಹೇಳುತ್ತಾರೆ. ಅದೇ ವ್ಯಾನಿನಲ್ಲಿ ಎಷ್ಟು ಮಕ್ಕಳನ್ನು ತುಂಬಿರುತ್ತಾರೆ ಅನ್ನುವುದನ್ನು ಮಾತ್ರ ಈಗ ಕೇಳಬೇಡಿ.