ನಮ್ಮೋನು ಒಬ್ಬ ಅದಾನ

ಮೊದಲಿಗೆ ಒಂದು ಪ್ರಕಟಣೆ. ನಮ್ಮ ಮಗಳ ಲಗ್ನ ನಿಶ್ಚಯವಾಗಿಲ್ಲ. ಹುಡುಗ ಅಮೆರಿಕದಲ್ಲಿಲ್ಲ, ತೋರಣಗಲ್ಲಿನ ಫ್ಯಾಕ್ಟರಿಯಲ್ಲೂ ಇಲ್ಲ. ಹುಡುಗನೇ ಇಲ್ಲ.

ಇವತ್ತು ಬೆಳಿಗ್ಗೆ ಹಾಲಿನವನು, "ಸಾರ್, ಮುಹೂರ್ತ ಯಾವಾಗ ಇಟ್ಕೊಂಡೀರಿ? ಅವತ್ತಿಗೆ ಎಷ್ಟು ಲೀಟರ್ ಬೇಕು ಮೊದ್ಲಾ ಹೇಳಿಬಿಡ್ರಿ" ಅಂದ. ನಿನ್ನೆ ಇಸ್ತ್ರಿ ಅಂಗಡಿಯವನು ಕೇಳಿದ್ದ. ಮೂಲೆಮನೆಯ ಅಜ್ಜಿ ಏನೂ ಕೇಳಿಲ್ಲ. ತಮಗೆ ಹೇಳಲಿಲ್ಲ ಅಂತ ಮಾತೇ ಬಿಟ್ಟಿದ್ದಾರೆ. ಬಳ್ಳಾರಿಯ ಓಣಿಯಲ್ಲಿ ಒಂದು ಸುದ್ದಿ ಹುಟ್ಟಿದರೆ ಅದಕ್ಕೆ ಸಾವಿಲ್ಲ. ಇಷ್ಟಕ್ಕೆಲ್ಲ ಕಾರಣ ಒಂದು ಊದುವ ವಾದ್ಯ ಮತ್ತು ನನ್ನ ಹೆಂಡತಿಯ ತಮ್ಮ. ವಾದ್ಯವನ್ನು ನಾನು ಕ್ಷಮಿಸಿದ್ದೇನೆ.

ಮಗಳು ಹೈಸ್ಕೂಲಿನಲ್ಲಿದ್ದಾಗ ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಮಾಸ್ತರೊಬ್ಬರ ಹತ್ತಿರ ಕ್ಲಾರಿಯೊನೆಟ್, ಅಂದರೆ ಕ್ಲಾರಿನೆಟ್, ಕಲಿತಳು. ಈಗ ಓದು ಬೆಂಗಳೂರಲ್ಲಿ. ಅಲ್ಲಿ ಹವ್ಯಾಸಿಗಳ ಒಂದು ವಾದ್ಯವೃಂದ ಸೇರಿಕೊಂಡಿದ್ದಾಳೆ. ಆ ವೃಂದದಲ್ಲಿ ಕ್ಲಾರಿನೆಟ್ ಊದುವವರು ಕುರ್ಚಿಗಿಂತ ಜಾಸ್ತಿ ಇದ್ದಾರಂತೆ. "ನೀನು ಬಾಸ್ ಕ್ಲಾರಿನೆಟ್ ಹಿಡಿ, ನಿನ್ನ ಜಾಗ ಖಾಯಂ" ಅಂದರಂತೆ. ವಾದ್ಯ ಎಲ್ಲಿದೆ ಅಂದರೆ, ಅದನ್ನು ನೀನೇ ತರಬೇಕು. ಅಮೆರಿಕದಲ್ಲಿ ಎಷ್ಟೋ ಶಾಲೆಗಳು ಇಂಥ ದೊಡ್ಡ ವಾದ್ಯಗಳನ್ನು ತಾವೇ ಕೊಂಡಿಟ್ಟು ಮಕ್ಕಳ ಕೈಗೆ ಕೊಡುತ್ತವೆ. ಇಲ್ಲದಿದ್ದರೆ ಅಂಗಡಿಗಳು ತಿಂಗಳ ಬಾಡಿಗೆಗೆ ಕೊಡುತ್ತವೆ. ನಮ್ಮಲ್ಲಿ ಕೊಡುವುದಕ್ಕೆ ಅಪ್ಪ ಇದ್ದಾನೆ.

ಫೋಟೊ ಕಳಿಸಿದಳು. ನನಗೆ ಹುಕ್ಕಾ ಕಂಡಂತಾಯಿತು. ಉದ್ದನೆಯ ಕರಿ ಕೊಳವೆ, ಮೇಲೆ ಬಾಗಿದ ಬೆಳ್ಳಿಬಣ್ಣದ ಕತ್ತು, ಕೆಳಗೆ ಮೇಲ್ಮುಖವಾಗಿ ತಿರುಗಿದ ಲೋಹದ ಬಾಯಿ, ನೆಲಕ್ಕೆ ಊರಲು ಬುಡದಲ್ಲಿ ಒಂದು ಸರಳು. ಸಾಮಾನ್ಯ ಕ್ಲಾರಿನೆಟ್‌ಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಬೆಲ್ಜಿಯಂನ ಅಡಾಲ್ಫ್ ಸಾಕ್ಸ್ ಇದನ್ನು ತಿದ್ದಿ ತೀಡಿ 1838ರಲ್ಲಿ ಪೇಟೆಂಟ್ ಪಡೆದ. ಸ್ಯಾಕ್ಸೋಫೋನಿಗೆ ಪೇಟೆಂಟ್ ತಗೊಂಡಿದ್ದು ಆಮೇಲೆ, 1846ರಲ್ಲಿ. ಕದ್ರಿ ಗೋಪಾಲನಾಥರ ದೆಸೆಯಿಂದ ಸ್ಯಾಕ್ಸೋಫೋನ್ ನಮ್ಮ ನಾಡಿನಲ್ಲಿ ಮನೆಮಾತಾಯಿತು. ಇದರ ಫೋಟೊ ತೋರಿಸಿದರೂ "ಸ್ಯಾಕ್ಸೋಫೋನ್ ಅಲ್ಲೇನ್ರಿ?" ಅಂತಲೇ ಕೇಳುತ್ತಾರೆ. ಕೊನೆಕೊನೆಗೆ ನಾನೂ ಹೌದು ಅನ್ನತೊಡಗಿದೆ. ಯಾರಿಗೆ ಬೇಕು ರಗಳೆ.

ಈಗ ಬಾಮೈದನ ವಿಷಯ. ಅಂಗಡಿಗೆ ಹೋಗಿ, ಬೆಲೆ ಕೇಳಿ, ದುಡ್ಡು ಕೊಟ್ಟು ಸಾಮಾನು ತರುವುದು ಅವನ ಪ್ರಕಾರ ದಿಕ್ಕಿಲ್ಲದವರು ಮಾಡುವ ಕೆಲಸ. ಅವನಿಗೆ ಎಲ್ಲ ಕಡೆ "ನಮ್ಮೋನು ಒಬ್ಬ ಅದಾನ". ಬಳ್ಳಾರಿ ಅಂದರೆ ಜೀನ್ಸ್ ಹೊಲಿಯುವ ಊರು. ಯಾವ ಅಂಗಡಿಗೆ ಹೋದರೂ ನಾಲ್ಕು ನಿಮಿಷದಲ್ಲಿ ಪ್ಯಾಂಟು ಸಿಗುತ್ತದೆ. ಇವನು ಹೊಲಿಗೆ ಘಟಕದಲ್ಲಿದ್ದ ನಮ್ಮೋನಿಂದ ನನಗೊಂದು ತಂದುಕೊಟ್ಟ. ಬಲಗಾಲು ಎಡಗಾಲಿಗಿಂತ ಎರಡು ಬೆರಳು ಉದ್ದ. "ಎಕ್ಸ್‌ಪೋರ್ಟ್ ಕ್ವಾಲಿಟಿ, ಮಾವ" ಅಂದ. ದವಾಖಾನೆಯಲ್ಲಿ ನನ್ನನ್ನು ಟೋಕನ್ ತಗೊಳ್ಳಲು ಬಿಡಲಿಲ್ಲ, ಒಳಗೆ ನಮ್ಮೋನು ಇದ್ದ. ನಮ್ಮೋನು ಊಟಕ್ಕೆ ಹೋಗಿದ್ದ. ಟೋಕನ್ ತಗೊಂಡವರೆಲ್ಲ ತೋರಿಸಿಕೊಂಡು ಮನೆ ಸೇರಿದ ಮೇಲೆ ನಮ್ಮೋನು ಬಂದು, "ಡಾಕ್ಟ್ರು ಈಗ ಎದ್ರಲ್ರಿ" ಅಂದ. ಹೆಂಡತಿಗೆ ಇದೆಲ್ಲ ಹೇಳುವ ಹಾಗಿಲ್ಲ. "ನನ್ ತಮ್ಮ ಅಂದ್ರ ನಿಮಗ ಮೊದ್ಲಿಂದ್ಲೂ ಅಷ್ಟಾ."

ರಜೆಗೆ ಬಂದ ಮಗಳು ಊಟಕ್ಕೆ ಕೂತಾಗ, ಯಮಹಾದ್ದು ಒಂದು ಮಾಡೆಲ್ ನೋಡ್ತಿದ್ದೀನಿ ಅಂತ ಬಾಯಿ ಬಿಟ್ಟಳು. ಬಾಮೈದ ಎಡಗೈಯಲ್ಲೇ ಫೋನ್ ತೆಗೆದ. "ಯಮಹಾನಾ? ತಡಿ ಪುಟ್ಟಿ. ಶೋರೂಮ್‌ನಾಗ ನಮ್ಮೋನು ಒಬ್ಬ ಅದಾನ." ಫೋನನ್ನು ಕಿವಿಗೆ ಹಿಡಿಯುವ ಅಭ್ಯಾಸ ಅವನಿಗಿಲ್ಲ. ಸ್ಪೀಕರ್ ಹಾಕಿ, ಗದ್ದದ ಮುಂದೆ ಅಡ್ಡ ಹಿಡಿದು, ಊರಿಗೆಲ್ಲ ಕೇಳುವಷ್ಟು ಜೋರಾಗಿ ಮಾತಾಡುತ್ತಾನೆ. "ಅಣ್ಣಾ, ಊಟ ಆತಾ? ಬಾಸ್ ಕ್ಲಾರಿನೆಟ್ ಆನ್ ರೋಡ್ ಎಷ್ಟು ಬೀಳತೈತಿ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹೊಸ ಮಾಡೆಲ್ಲೇನಣ್ಣ? ನಮ್ಮ ಕಡೆ ಇನ್ನಾ ಬಂದಿಲ್ಲ."

"ಬಂದ ಕೂಡ್ಲೆ ಒಂದು ನಮಗ ತೆಗೆದಿಡು. ಕಲರ್ ಕರೀದೇ ಇರ್ಲಿ."

ಮಗಳು ಅನ್ನದ ತಟ್ಟೆ ಬಿಟ್ಟು ಎದ್ದುಹೋಗಿ ನಕ್ಕು ಬಂದಳು. ಬೈಕ್ ಕಂಪನಿ ಹುಟ್ಟಿದ್ದು 1955ರಲ್ಲಿ, ಅದಕ್ಕಿಂತ ಎಷ್ಟೋ ಮೊದಲು, 1887ರಲ್ಲಿ ಯಮಹಾ ಎಂಬ ಮನುಷ್ಯ ಆರ್ಗನ್ ಮಾಡಿದ್ದ, ಆ ಗುರುತಿನಲ್ಲಿ ಇರುವುದು ಮೂರು ಶ್ರುತಿಕವಲು, ಅಂದರೆ ಟ್ಯೂನಿಂಗ್ ಫೋರ್ಕು, ಅಂತ ವಿವರಿಸಿದಳು. ಬಾಮೈದ ಎಂಜಲುಗೈಯಲ್ಲೇ ಹೊರಗೆ ಹೋಗಿ ತನ್ನ ಹಳೇ ಬೈಕಿನ ಟ್ಯಾಂಕ್ ನೋಡಿ ಬಂದ. "ಲೇ, ಹೌದಲೇ! ಇಷ್ಟು ವರ್ಷ ಪೆಟ್ರೋಲ್ ಹಾಕ್ಸೀನಿ, ನೋಡೇ ಇಲ್ಲ."

ಕೊಳ್ಳುವ ದಾರಿಯನ್ನೂ ಪರಿಶೀಲಿಸಿದೆವು. ನಾನು ಕಚೇರಿಯಲ್ಲಿ ಲೆಕ್ಕ ಬರೆಯುವವನು, ಕೋಷ್ಟಕ ಹಾಕಿದೆ. ಒಳ್ಳೆಯವು ಮರದವು. ಆಫ್ರಿಕಾದ ಕರಿಮರ, ನಮ್ಮ ಬೀಟೆಯ ದಾಯಾದಿ. ಅವುಗಳಲ್ಲಿ ಕೆಳಗಿನ ಸಿ ಸ್ವರದ ತನಕ ಇಳಿಯುವ ವೃತ್ತಿಪರರ ವಾದ್ಯಗಳು ಹತ್ತು ಸಾವಿರ ಡಾಲರ್ ದಾಟುತ್ತವೆ. ಆ ಸಾಲಿನ ಮುಂದೆ ನಾನು ಷರಾ ಕೂಡ ಬರೆಯಲಿಲ್ಲ. ದುಡ್ಡು ಹಾಗಿರಲಿ, ಮರದ ವಾದ್ಯ ಒಣ ಹವೆಗೆ ಬಿರುಕು ಬಿಡುತ್ತದೆ. ಒಳಗೆ ಉಸಿರಿನ ತೇವ, ಹೊರಗೆ ಬಿಸಿಗಾಳಿ. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುವ ಬಳ್ಳಾರಿಯಲ್ಲಿ ನಮ್ಮ ತೇಗದ ಬಾಗಿಲೇ ಸೀಳಿದೆ. ಕಲಿಯುವವರಿಗೆ ರೆಸಿನ್ನಿನದು ಸಾಕು. ಎಬಿಎಸ್ ಅನ್ನುತ್ತಾರೆ, ಹೆಲ್ಮೆಟ್ಟಿಗೆ ಹಾಕುವ ಪ್ಲಾಸ್ಟಿಕ್ಕು. ಅದು ಕೆಳಗಿನ ಇ-ಫ್ಲ್ಯಾಟ್ ತನಕ ಮಾತ್ರ ಇಳಿಯುತ್ತದೆ. ರಷ್ಯಾದ ಸಂಗೀತಗಾರ ಶೊಸ್ತಕೋವಿಚ್ ಬರೆದ ಕೆಲವು ಕಡೆ ಇನ್ನೂ ಕೆಳಗೆ ಇಳಿಯಬೇಕಾಗುತ್ತದಂತೆ. ಶೊಸ್ತಕೋವಿಚ್ಚನನ್ನು ಸದ್ಯಕ್ಕೆ ಮುಂದೂಡಿದೆವು.

ಹಳೆಯದು ಕೊಳ್ಳೋಣವೆಂದರೆ ಅದರ ಕಷ್ಟ ಬೇರೆ. ಉದ್ದುದ್ದ ಸರಳುಗಳು, ಸ್ವಲ್ಪ ಬಗ್ಗಿದರೂ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಮೇಲಿನ ತುಂಡು ಕೆಳಗಿನ ತುಂಡು ಸೇರುವಲ್ಲಿ ಒಂದು ಸೇತುವೆ ಕೀಲಿ, ಜೋಡಿಸುವಾಗ ಅವಸರ ಮಾಡಿದವರೆಲ್ಲ ಅದನ್ನೇ ಬಗ್ಗಿಸಿರುತ್ತಾರೆ. ಹಳೆಯ ಅಗ್ಗದ ವಾದ್ಯಗಳಲ್ಲಿ ಮೇಲಿನ ಸ್ಥಾಯಿಗೆ ಹತ್ತಲು ಒಂದೇ ಗಾಳಿಕಿಂಡಿ, ಒಳ್ಳೆಯವುಗಳಲ್ಲಿ ಎರಡು. ಒಂದೇ ಇದ್ದರೆ ಮೇಲಿನ ಸ್ವರಗಳು ಒರಟಾಗುತ್ತವೆ. ಫೋಟೊ ನೋಡಿ ಇದನ್ನೆಲ್ಲ ಯಾರು ಕಂಡುಹಿಡಿಯಬೇಕು?

"ಪ್ಲಾಸ್ಟಿಕ್ ಪೈಪಿಗೆ ಅಷ್ಟು ರೊಕ್ಕ ಯಾಕ ಮಾವ? ಬಾಡಿಗಿಗೆ ತಗೊಳ್ರಿ" ಅಂದ ಬಾಮೈದ. ಅವನು ಹೇಳಿದ್ದರಲ್ಲಿ ಸರಿಯಾದ ಮಾತು ಇದೊಂದೇ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಟೆಂಟ್ ಹೌಸ್‌ನಾಗ ನಮ್ಮೋನು ಒಬ್ಬ ಅದಾನ" ಅಂದ.

ಟೆಂಟ್ ಹೌಸಿನಲ್ಲಿ ಶಾಮಿಯಾನ, ಕುರ್ಚಿ, ಕೊಪ್ಪರಿಗೆ, ಜನರೇಟರ್, ಮದುಮಕ್ಕಳ ಸಿಂಹಾಸನ ಎಲ್ಲ ಬಾಡಿಗೆಗೆ ಸಿಗುತ್ತವೆ, ನಿಜ. ನಾನು ನಕ್ಕು ಮರೆತುಬಿಟ್ಟೆ.

ಭಾನುವಾರ ಬೆಳಿಗ್ಗೆ ಮನೆಮುಂದೆ ಎರಡು ಆಟೋ ನಿಂತವು. ಒಂದರಿಂದ ಕೆಂಪು ಕೋಟು, ಬಂಗಾರದ ಜರಿಯ ಭುಜಪಟ್ಟಿ, ಟೋಪಿ ಹಾಕಿಕೊಂಡವರು ಇಳಿದರು. ಇನ್ನೊಂದರಿಂದ ದೊಡ್ಡ ಡ್ರಮ್ಮು ಇಳಿಯಿತು, ಅದರ ಹಿಂದಿನಿಂದ ಅದರ ಮನುಷ್ಯ. ಯಾರು, ಏನು ಎಂದು ನಾನು ಕೇಳುವಷ್ಟರಲ್ಲಿ ಅವರು ಗೇಟಿನ ಮುಂದೆ ಸಾಲಾಗಿ ನಿಂತು ಗಣಪತಿ ಸ್ತುತಿ ಶುರು ಹಚ್ಚಿಕೊಂಡರು. ಬಾಗಿಲಲ್ಲಿ ಮಗಳು, ನೈಟಿಯಲ್ಲಿ, ಬಾಯಲ್ಲಿ ಬ್ರಷ್ಷು. ಡ್ರಮ್ಮು ಬಡಿದ ಕೂಡಲೇ ಒಳಗೆ ಓಡಿದಳು. ಎದುರುಮನೆಯವರು ಅದನ್ನು ನಾಚಿಕೆ ಎಂದು ತಿಳಿದರು.

ನಾನು ಕೈ ಅಡ್ಡ ಆಡಿಸಿ ನಿಲ್ಲಿಸಿ ನಿಲ್ಲಿಸಿ ಅಂದೆ. ಯಜಮಾನರು ಕುಣಿಯುತ್ತಿದ್ದಾರೆಂದು ಟ್ರಂಪೆಟ್ಟಿನವನು ಲಯ ಏರಿಸಿದ. ಓಣಿಯ ಹುಡುಗರು ಬಂದರು, ಅವರಂತೂ ನಿಜವಾಗಿ ಕುಣಿದರು. ಪಕ್ಕದ ಮನೆಯಾಕೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದು, "ಹೇಳ್ಲೇ ಇಲ್ಲಲ್ರೀ! ಹುಡುಗ ಏನ್ ಮಾಡ್ತಾನ?" ಅಂತ ನನ್ನ ಹೆಂಡತಿಯ ಕೈ ಹಿಡಿದರು. ಡ್ರಮ್ಮಿನ ಸದ್ದಿನಲ್ಲಿ ಹೆಂಡತಿಗೆ ಏನು ಕೇಳಿಸಿತೋ, "ಬೆಂಗಳೂರಾಗ ಅದ" ಅಂದಳು, ವಾದ್ಯವೃಂದದ ವಿಷಯ ಅಂದುಕೊಂಡು. ಮುಗಿಯಿತು. ಆಮೇಲೆ ಅವಳಿಗೆ ಬಂದ ಚಿಂತೆ ಒಂದೇ: ಇಷ್ಟು ಮಂದಿಗೆ ಚಾ ಮಾಡಲು ಹಾಲಿಲ್ಲ. ಹಾಲಿನವನಿಗೆ ಫೋನ್ ಮಾಡಿ ಮೂರು ಲೀಟರ್ ಹೆಚ್ಚಿಗೆ ತರಿಸಿದಳು. ಹಾಲಿನವನು ಬಂದು ಬ್ಯಾಂಡ್ ನೋಡಿದ, ಮುಂದಿನದು ಮೇಲೆ ಹೇಳಿದ್ದೇನೆ.

ಬಾಮೈದ ಎಲ್ಲ ಮುಗಿಯುವ ಹೊತ್ತಿಗೆ ಬೈಕಿನಲ್ಲಿ ಬಂದ. "ಹೆಂಗೈತಿ ಮಾವ ಸೌಂಡು? ಸ್ಯಾಂಪಲ್ಲಿಗೆ ಬಾ ಅಂದಿದ್ದೆ. ನೀವು ಕೇಳಿದ್ದು ದಪ್ಪ ದನಿದಲ್ಲ, ಇಕಾ." ಯೂಫೋನಿಯಂ ಹೊತ್ತಿದ್ದವನನ್ನು ಮುಂದೆ ತಳ್ಳಿದ. ಅದು ಹಿತ್ತಾಳೆ ವಾದ್ಯ, ನಮಗೆ ಬೇಕಾದ್ದಕ್ಕೆ ರೀಡ್ ಇರುತ್ತದೆ, ಊದಿದಾಗ ಕಂಪಿಸುವ ತೆಳ್ಳನೆಯ ಪಟ್ಟಿ ಅಂದೆ. "ಊದೋದು ತಾನೆ?" ಅಂದ. ಬಾಡಿಗೆಯ ಮಾತಿಗೆ ಬ್ಯಾಂಡಿನ ಮೇಸ್ತ್ರಿ ಸ್ಪಷ್ಟವಾಗಿದ್ದ: ವಾದ್ಯ ಒಂದೇ ಕೊಡುವ ಪದ್ಧತಿ ಇಲ್ಲ, ಊದುವವರ ಸಮೇತ, ಗಂಟೆ ಲೆಕ್ಕ, ಕೋಟಿನ ಇಸ್ತ್ರಿ ಖರ್ಚು ಬೇರೆ. ಮಗಳು ಬೆಂಗಳೂರಿನ ಹಾಸ್ಟೆಲ್ಲಿಗೆ ಯೂಫೋನಿಯಂ ಮತ್ತು ಅದರ ಮನುಷ್ಯನನ್ನು ಕರೆದುಕೊಂಡು ಹೋಗುವುದು ಹೇಗೆ ಅಂತ ಬಾಮೈದ ಒಂದು ಕ್ಷಣ ನಿಜವಾಗಿಯೂ ಯೋಚಿಸಿದ. ಅವನ ಮುಖದಲ್ಲಿ ನಾನದನ್ನು ಕಂಡೆ.

ಆ ಗುಂಪಿನಲ್ಲಿ ಒಬ್ಬ ಹಿರಿಯರಿದ್ದರು, ಕ್ಲಾರಿಯೊನೆಟ್ ಊದುವವರು. ಕೋಟು ಅವರಿಗೆ ದೊಗಳೆ. ಚಾ ಕುಡಿದು ಲೋಟ ತೊಳೆದಿಟ್ಟು, ಮಗಳ ಫೋನಿನಲ್ಲಿ ಬಾಸ್ ಕ್ಲಾರಿನೆಟ್ಟಿನ ಫೋಟೊ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಅವರ ವಾದ್ಯದ ಸಂದಿನಲ್ಲಿ ದಾರ ಸುತ್ತಿತ್ತು, ಒಂದು ಕೀಲಿಗೆ ಸ್ಪ್ರಿಂಗ್ ಬದಲು ರಬ್ಬರ್ ಬ್ಯಾಂಡು. ರೇಡಿಯೊದಲ್ಲಿ ಕ್ಲಾರಿಯೊನೆಟ್ ವಿದ್ವಾಂಸ ಎ.ಕೆ.ಸಿ. ನಟರಾಜನ್ ಅವರನ್ನು ಕೇಳಿ ಕೇಳಿ ಬೆರಳು ಕೂರಿಸಿಕೊಂಡವರಂತೆ. "2008ರಾಗ ಅವರಿಗೆ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಬಿರುದು ಬಂತಲ್ರಿ, ಅವತ್ತು ನಾವು ಒಂದು ಲಗ್ನದಾಗ ಊದಾಕ ಹತ್ತಿದ್ವಿ. ಯಾರಿಗೆ ಹೇಳಬೇಕು?" ಅಂದರು. ಆಮೇಲೆ ಮಗಳಿಗೆ ಕಲಿಸಿದರು: ಒಂದೊಂದು ತುಂಡು ಬಿಚ್ಚಿ ಹಿಡಿ, ತೂತೆಲ್ಲ ಬೆರಳಿಂದ ಮುಚ್ಚು, ಕೆಳಗಿನ ತುದಿಗೆ ಅಂಗೈ ಒತ್ತು, ಮೇಲಿಂದ ಗಾಳಿ ಎಳಿ. ಎಳೆದಿದ್ದು ಹಿಡಿದು ನಿಂತರೆ ವಾದ್ಯ ಗಟ್ಟಿ. "ಗಾಳಿ ಸೋರಾಕ ಹತ್ತಿದ್ರ ಪುಕ್ಕಟೆ ಕೊಟ್ರೂ ಬ್ಯಾಡವ್ವ. ದೊಡ್ಡ ವಾದ್ಯ, ದೊಡ್ಡ ದೊಡ್ಡ ಪ್ಯಾಡು, ಕೂದಲೆಳಿ ಸಂದಿ ಇದ್ರೂ ಕೆಳಗಿನ ದನಿ ಏಳಂಗಿಲ್ಲ." ನನ್ನ ಕೋಷ್ಟಕದಲ್ಲಿ ಇಷ್ಟು ಉಪಯೋಗದ ಮಾತು ಒಂದೂ ಇರಲಿಲ್ಲ.

ಲಗ್ನದ ಸೀಜನ್ನಿನಲ್ಲಿ ಮೊದಲು ರಾತ್ರಿ ಮನೆ ಸೇರುತ್ತಿರಲಿಲ್ಲವಂತೆ. ಈಗ ಮೆರವಣಿಗೆಗೆಲ್ಲ ಡಿಜೆ. ಮೊಮ್ಮಗ ಡಿಜೆಯವರ ಹತ್ತಿರವೇ ಲೈಟ್ ಹಿಡಿಯುತ್ತಾನೆ. "ಅದಕ್ಕ ಉಸಿರು ಬೇಕಾಗಂಗಿಲ್ಲಲ್ರಿ" ಅಂದರು. ಹೋಗುವಾಗ ಮಗಳಿಗೆ, "ತಂದಾಗ ಒಂದ್ಸಲ ನನಗ ಕೇಳಿಸವ್ವ" ಅಂತ ಹೇಳಿ ಹೋದರು. ಸ್ಯಾಂಪಲ್ಲು ಫ್ರೀ ಅಂತ ಬಾಮೈದ ಮಾತು ಕೊಟ್ಟಿದ್ದ. ಯಾರ ದುಡ್ಡಿನಲ್ಲಿ ಫ್ರೀ ಅನ್ನುವುದನ್ನು ಅವನು ಮೇಸ್ತ್ರಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ.

ಕಡೆಗೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ರೆಸಿನ್ನಿನದು ತಿಂಗಳ ಬಾಡಿಗೆಗೆ ಸಿಕ್ಕಿತು. ಅಲ್ಲಿ ನಮ್ಮೋನು ಯಾರೂ ಇರಲಿಲ್ಲ. ಒಬ್ಬ ಅಪರಿಚಿತ ಬೆಲೆ ಹೇಳಿದ, ನಾವು ಕೊಟ್ಟೆವು. ಮಗಳು ಅಂಗೈ ಒತ್ತಿ ಗಾಳಿ ಎಳೆದು ನೋಡಿದಳು, ಹಿಡಿದು ನಿಂತಿತು. ಡಿಪಾಜಿಟ್ಟಿನ ಮೊತ್ತ ನೋಡಿ ನನ್ನ ಉಸಿರೂ ಹಿಡಿದು ನಿಂತಿತು. ಮುಂದೆ ಕೊಂಡರೆ ಬಾಡಿಗೆಯ ಒಂದು ಪಾಲನ್ನು ಬೆಲೆಯಲ್ಲಿ ಕಳೆಯುತ್ತಾರೆ. ಷರತ್ತು ಒಂದೇ: ವಾದ್ಯವನ್ನು ಊರು ಬಿಟ್ಟು ಒಯ್ಯುವಂತಿಲ್ಲ. ಅಂದರೆ ನಮ್ಮ ಓಣಿಗೆ ತೋರಿಸಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಹಿರಿಯರಿಗಂತ ಮಗಳು ಊದಿದ್ದನ್ನು ರೆಕಾರ್ಡ್ ಮಾಡಿ ಕಳಿಸಿದ್ದಾಳೆ. ಫೋನಿನ ಸ್ಪೀಕರ್‌ನಲ್ಲಿ ಆ ಕೆಳಗಿನ ಸ್ವರಗಳು ಏಳುವುದೇ ಇಲ್ಲ, ಕೀಲಿಗಳ ಟಕಟಕ ಮಾತ್ರ ಕೇಳುತ್ತದೆ. ಒಳ್ಳೆಯ ಹೆಡ್‌ಫೋನ್ ಹುಡುಕುತ್ತಿದ್ದೇನೆ. ಬಾಮೈದನಿಗೆ ಹೇಳಿಲ್ಲ.

ಆದರೆ ರೀಡಿನ ವಿಷಯ ಅವನ ಕಿವಿಗೆ ಬಿದ್ದುಬಿಟ್ಟಿದೆ. ಇದರ ರೀಡು ಸಾಮಾನ್ಯ ಕ್ಲಾರಿನೆಟ್ಟಿನದಕ್ಕಿಂತ ಅಗಲ, ಬೆಲೆಯೂ ಅಗಲ. ಐದರ ಪೆಟ್ಟಿಗೆ ತಗೊಂಡರೆ ಅದರಲ್ಲಿ ನೆಟ್ಟಗೆ ನುಡಿಯುವವು ಎರಡೋ ಮೂರೋ. ದಕ್ಷಿಣ ಫ್ರಾನ್ಸಿನಲ್ಲಿ ಬೆಳೆಯುವ ಒಂದು ಜಾತಿಯ ಜೊಂಡಿನಿಂದ ಮಾಡುತ್ತಾರೆ ಅಂತ ಮಗಳು ಫೋನಿನಲ್ಲಿ ಅವರಮ್ಮನಿಗೆ ಹೇಳುತ್ತಿದ್ದಳು. "ಜೊಂಡಾ?" ಅಂತ ಬಾಮೈದ ಸೋಫಾದಿಂದ ಎದ್ದ. "ತುಂಗಭದ್ರಾ ಎಚ್‌ಎಲ್‌ಸಿ ಕಾಲುವೆ ದಂಡಿಗೆ ಹೊರೆಗಟ್ಟಲೆ ಬೆಳದೈತಿ. ಫ್ರಾನ್ಸಿಗೆ ಯಾಕ ರೊಕ್ಕ ಕಳಸ್ತೀರಿ? ನೀರಾವರಿ ಕಡೆ ನಮ್ಮೋನು ಒಬ್ಬ ಅದಾನ."

ಹೊರೆ ಈಗ ನಮ್ಮ ಪಡಸಾಲೆಯಲ್ಲಿದೆ, ಇನ್ನೂ ಹಸಿ, ನೀರು ತೊಟ್ಟಿಕ್ಕುತ್ತಿದೆ. ನಾಳೆ ಒಬ್ಬ ಬಡಗಿಯನ್ನು ಕರೆತರುತ್ತಾನಂತೆ. ಎದುರುಮನೆಯವರು ಆಗಲೇ ಗೇಟಿನ ಹತ್ತಿರ ಬಂದು, ಹಂದರ ಯಾವತ್ತು ಹಾಕ್ತೀರಿ ಅಂತ ಕೇಳಿಹೋದರು.